ಕೋಡ್ ಬರೆಯೋರಿಗೆ ಕೋಡು ಯಾಕೆ?

ಪ್ರಶ್ನೆ: ನಾನು ಚಿಕ್ಕಮಗಳೂರಿನವಳು. ಇಲ್ಲೇ ಇಂಜಿನಿಯರಿಂಗ್ ಮುಗಿಸಿದೆ. ಎಂಟು ತಿಂಗಳಿಂದ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಿದ್ದೇನೆ. ತಂಡದಲ್ಲಿ ಹನ್ನೊಂದು ಜನ, ಅದರಲ್ಲಿ ಇಬ್ಬರು ಫಿನ್‌ಲೆಂಡಿನವರು. ಆರೇಳು ಜನಕ್ಕೆ ಹೆವಿ ಮೆಟಲ್ ಸಂಗೀತದ ಹುಚ್ಚು. ನಮ್ಮ ಸರ್ವರ್‌ಗಳಿಗೆಲ್ಲ ಬ್ಯಾಂಡ್‌ಗಳ ಹೆಸರು. ಬಿಲ್ಡ್ ಫೇಲ್ ಆದರೆ ಸಾಕು, ಯಾರೋ ಕಿರುಚುವ ವಿಡಿಯೋ ಚಾಟ್‌ಗೆ ಬಂದು ಬೀಳುತ್ತದೆ. ಮೊನ್ನೆ ಸುಮ್ನೆ ‘ನನಗೂ ಇಷ್ಟ’ ಅಂದೆ. ‘ಹಾಗಾದ್ರೆ ಮೂರು ಬ್ಯಾಂಡ್ ಹೆಸರು ಹೇಳು’ ಅಂದರು. ಕ್ಯಾಮೆರಾ ಆಫ್ ಇದ್ದದ್ದು ಪುಣ್ಯ. ಆಮೇಲೆ ಕೇಳೋಣ ಅಂತ ಸ್ಪೀಕರ್‌ನಲ್ಲಿ ಹಾಕಿದೆ. ಅಜ್ಜಿ ಅಡುಗೆಮನೆಯಿಂದ ಓಡಿ ಬಂದು ‘ಯಾರಿಗೆ ಮೈಮೇಲೆ ಬಂತೇ?’ ಅಂದರು. ಕಂಪ್ಯೂಟರ್ ಜನಕ್ಕೂ ಈ ಸಂಗೀತಕ್ಕೂ ಏನು ನಂಟು? ನಾನೂ ಕಲಿಯಬೇಕಾ? ಇದನ್ನು ಕೇಳುತ್ತಾ ಕೋಡ್ ಬರೆದರೆ ಗಮನ ಹೆಚ್ಚುತ್ತದೆ ಅಂತಾರೆ, ನಿಜವಾ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ತುಂಬಾ ಹಿಡಿಸಿದ್ದು ಅಜ್ಜಿಯ ಪ್ರಶ್ನೆ. ಅಲ್ಲಿಂದಲೇ ಶುರು ಮಾಡುತ್ತೇನೆ. ಯಾಕಂದರೆ ಈ ಕತೆಯಲ್ಲಿ ಇನ್ನೊಬ್ಬರು ಅಜ್ಜಿ ಇದ್ದಾರೆ.

ನಿಮ್ಮ ತಂಡದವರು ಚಾಟ್‌ನಲ್ಲಿ ಎರಡು ಓರೆಗೆರೆ ಹಾಕಿ, ನಡುವೆ ಇಂಗ್ಲಿಷಿನ ಎಂ ಅಕ್ಷರ ಒತ್ತುವುದನ್ನು ನೋಡಿರುತ್ತೀರಿ. ಅದು ಕೈಯ ಚಿತ್ರ. ತೋರುಬೆರಳು ಮತ್ತು ಕಿರುಬೆರಳು ಮೇಲೆ, ನಡುವಿನ ಎರಡು ಬೆರಳು ಮಡಚಿದ್ದು. ಎರಡು ಕೋಡು ಮೂಡಿದ ಹಾಗೆ. ಇದನ್ನು ಮೆಟಲ್ ಜನರ ನಡುವೆ ಹಬ್ಬಿಸಿದವರು ರಾನಿ ಜೇಮ್ಸ್ ಡಿಯೋ. 1979ರಲ್ಲಿ ಬ್ಲ್ಯಾಕ್ ಸಬ್ಬತ್ ಬ್ಯಾಂಡ್ ಸೇರಿದ ಗಾಯಕ. ಅವರು ಅದನ್ನು ಕಲಿತದ್ದು ಯಾವ ಮಾಟಗಾರನಿಂದಲೂ ಅಲ್ಲ, ತಮ್ಮ ಇಟಲಿ ಮೂಲದ ಅಜ್ಜಿಯಿಂದ. ಆ ಅಜ್ಜಿ ಹಾಗೆ ಬೆರಳು ಮಡಚುತ್ತಿದ್ದದ್ದು ಕೆಟ್ಟ ದೃಷ್ಟಿ ತಾಗದಿರಲಿ ಅಂತ. ನಮ್ಮಲ್ಲಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತೇವಲ್ಲ, ಅದೇ ಜಾತಿಯದು. ನಿಮ್ಮ ಅಜ್ಜಿಗೆ ಇದನ್ನು ಹೇಳಿ. ಅರ್ಧ ಭಯ ಅಲ್ಲೇ ಇಳಿಯುತ್ತದೆ.

ನನ್ನ ವಿಷಯ ಒಂದೆರಡು ಮಾತು. ನಾನು ಹಾಸನದವನು. ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಕಾಲದಿಂದ ಪ್ರೋಗ್ರಾಮಿಂಗ್ ಮಾಡುತ್ತಿದ್ದೇನೆ, ಅದಕ್ಕಿಂತ ಸ್ವಲ್ಪ ಮೊದಲಿಂದ ಮೆಟಲ್ ಕೇಳುತ್ತಿದ್ದೇನೆ. ಎರಡೂ ಶುರುವಾದದ್ದು ಒಂದೇ ಹಾಸ್ಟೆಲ್ ಕೋಣೆಯಲ್ಲಿ. ತೊಂಬತ್ತರ ದಶಕದ ನಡುಭಾಗ. ಹಾಸನದ ಕ್ಯಾಸೆಟ್ ಅಂಗಡಿಯಲ್ಲಿ ರಾಜ್‌ಕುಮಾರ್ ಸಿಗುತ್ತಿದ್ದರು, ಇಳಯರಾಜಾ ಸಿಗುತ್ತಿದ್ದರು, ಮೆಟಲ್ ಸಿಗುತ್ತಿರಲಿಲ್ಲ. ಸೀನಿಯರ್ ಒಬ್ಬರು ಬೆಂಗಳೂರಿನಿಂದ ಒಂದು ಖಾಲಿ ಕ್ಯಾಸೆಟ್‌ಗೆ ತುಂಬಿಸಿಕೊಂಡು ಬಂದರು. ಅದು ಆಗಲೇ ಕಾಪಿಯ ಕಾಪಿ. ನಮ್ಮ ಕೈಗೆ ಬರುವಷ್ಟರಲ್ಲಿ ಹಾಡಿಗಿಂತ ಸುಂಯ್ ಅನ್ನುವ ಸದ್ದೇ ಜಾಸ್ತಿ. ಮುಚ್ಚಳದ ಕಾಗದದ ಮೇಲೆ ಬಾಲ್‌ಪೆನ್ನಿನಲ್ಲಿ ಹಾಡುಗಳ ಪಟ್ಟಿ, ಅದರಲ್ಲೂ ತಪ್ಪುಗಳು. ಒಂದು ಹಾಡಿನ ಹೆಸರು ಐದು ವರ್ಷ ನನಗೆ ತಪ್ಪಾಗಿಯೇ ಗೊತ್ತಿತ್ತು. ಕೇಳಿ ತಿಳಿಯೋಣ ಅಂದರೆ ಯಾರನ್ನು ಕೇಳುವುದು?

ನೀವು ಕೇಳಿದ ನಂಟು ಇರುವುದು ಈ ಕ್ಯಾಸೆಟ್ಟಿನಲ್ಲೇ. ಮೆಟಲ್ಲನ್ನು ಅದರ ಊರಲ್ಲೂ ರೇಡಿಯೋದವರು ಹತ್ತಿರ ಸೇರಿಸಿರಲಿಲ್ಲ. ಎಂಬತ್ತರ ದಶಕದಲ್ಲಿ ಅಮೆರಿಕ, ಯುರೋಪಿನ ಹುಡುಗರು ಒಬ್ಬರಿಗೊಬ್ಬರು ಕ್ಯಾಸೆಟ್ ಕಾಪಿ ಮಾಡಿ ಅಂಚೆಯಲ್ಲಿ ಕಳಿಸುತ್ತಿದ್ದರು. ಇವನು ಒಂದು ಕಳಿಸಿದರೆ ಅವನು ಇನ್ನೊಂದು. ಪಟ್ಟಿ ಬರೆದಿಟ್ಟುಕೊಳ್ಳುವುದು, ಯಾವ ಕಾಪಿ ಎಷ್ಟು ಸ್ವಚ್ಛ ಅಂತ ಗುರುತು ಹಾಕುವುದು, ಹೊಸ ಬ್ಯಾಂಡ್ ಸಿಕ್ಕಿದರೆ ಎಲ್ಲರಿಗೂ ಹೇಳುವುದು. ಅಮೆರಿಕದ ಮೆಟಾಲಿಕಾ ಬ್ಯಾಂಡಿನ 1982ರ ಡೆಮೋ ಕ್ಯಾಸೆಟ್ ಊರೂರು ಸುತ್ತಿದ್ದೂ ಹೀಗೆಯೇ. ನಾಲ್ಕು ವರ್ಷದ ಮೇಲೆ, 1986ರಲ್ಲಿ, ಅವರ ಮೂರನೇ ಆಲ್ಬಂ ರೇಡಿಯೋದ ನೆರವು ಹೆಚ್ಚಿಲ್ಲದೆ, ಒಂದು ವಿಡಿಯೋ ಕೂಡ ಇಲ್ಲದೆ, ಅಮೆರಿಕದಲ್ಲಿ ಐದು ಲಕ್ಷ ಪ್ರತಿಗಳ ಗಡಿ ಮುಟ್ಟಿತು. ಕಾಪಿ ಮಾಡು, ಹಂಚು, ದಾಖಲೆ ಇಡು. ಇಂಟರ್‌ನೆಟ್ ಬಂದ ಮೇಲೆ ಕಂಪ್ಯೂಟರ್ ಜನ ಮಾಡಿದ್ದೂ ಇದನ್ನೇ ಅಲ್ವಾ? ಮೆಟಲ್ ಕೇಳುವವರಿಗೆ ಆ ಅಭ್ಯಾಸ ಮೊದಲೇ ಇತ್ತು. ಅವರು ಅಂಚೆ ಡಬ್ಬಿ ಬಿಟ್ಟು ಮೋಡೆಮ್ ಹಿಡಿದರು, ಅಷ್ಟೇ.

ಇದಕ್ಕೆ ಒಂದು ಗಟ್ಟಿ ಸಾಕ್ಷಿ ಎನ್‌ಸೈಕ್ಲೋಪೀಡಿಯಾ ಮೆಟಲ್ಲಮ್. 2002ರ ಜುಲೈಯಲ್ಲಿ ಕೆನಡಾದ ಮಾಂಟ್ರಿಯಲ್‌ನ ಇಬ್ಬರು ಶುರು ಮಾಡಿದ ದಾಖಲೆ ಮನೆ. ಆಗ ವಿಕಿಪೀಡಿಯಾಗೇ ಒಂದೂವರೆ ವರ್ಷ. ಈಗ ಅಲ್ಲಿ ಒಂದೂವರೆ ಲಕ್ಷಕ್ಕೂ ಜಾಸ್ತಿ ಬ್ಯಾಂಡ್‌ಗಳ ವಿವರ ಇದೆ: ಯಾರು ಯಾವ ವರ್ಷ ಸೇರಿದರು, ಯಾರು ಬಿಟ್ಟರು, ಯಾವ ಹಾಡು ಎಷ್ಟು ನಿಮಿಷ ಎಷ್ಟು ಸೆಕೆಂಡ್. ಎಲ್ಲವನ್ನೂ ತುಂಬಿದವರು ಕೇಳುಗರೇ. ನಾನು ಅದನ್ನು ಮೊದಲ ಸಲ ತೆರೆದ ರಾತ್ರಿ ನಿದ್ದೆ ಮಾಡಲಿಲ್ಲ. ಬಾಲ್‌ಪೆನ್ನಿನ ತಪ್ಪುಗಳನ್ನೆಲ್ಲ ಒಂದೊಂದಾಗಿ ತಿದ್ದಿಕೊಳ್ಳುತ್ತಾ ಕೂತಿದ್ದೆ. ಡೇಟಾಬೇಸ್ ಅಂದರೆ ಏನು ಅಂತ ಪಠ್ಯಪುಸ್ತಕದಲ್ಲಿ ಓದಿದ್ದೆ. ಅದು ಯಾಕೆ ಬೇಕು ಅನ್ನುವುದು ಅವತ್ತು ಗೊತ್ತಾಯಿತು.

ಇನ್ನೊಂದು ನಂಟು ಕೈಕೆಲಸದ್ದು. ಟೋನಿ ಅಯೋಮಿ ಅಂತ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಹುಡುಗ, ಮುಂದೆ ಬ್ಲ್ಯಾಕ್ ಸಬ್ಬತ್‌ಗೆ ಗಿಟಾರ್ ನುಡಿಸಿದವನು. ಆಗ ತಗಡಿನ ಕಾರ್ಖಾನೆಯಲ್ಲಿ ಕೆಲಸ. ಹದಿನೇಳನೇ ವಯಸ್ಸಿನಲ್ಲಿ, ಕೆಲಸ ಬಿಡುವ ಕೊನೆಯ ದಿನವೇ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಹೋಯಿತು. ಆತ ಎಡಚ. ಅಂದರೆ ತಂತಿ ಒತ್ತುವ ಕೈಯೇ ಅದು. ಆತ ಪ್ಲಾಸ್ಟಿಕ್ ಸೋಪಿನ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಮೇಲೆ ಚರ್ಮ ಅಂಟಿಸಿದ. ಬಿಗಿ ತಂತಿ ಒತ್ತಿದರೆ ನೋವು, ಅದಕ್ಕೆ ತೆಳು ತಂತಿ ಹಾಕಿದ. 1971ರ ಹೊತ್ತಿಗೆ ಶ್ರುತಿಯನ್ನೇ ಮೂರು ಸ್ವರಸ್ಥಾನ ಕೆಳಗೆ ಇಳಿಸಿದ್ದ. ಮೆಟಲ್‌ನ ಆ ಭಾರವಾದ, ನೆಲಕ್ಕೆ ಒತ್ತಿದಂಥ ಸದ್ದಿನಲ್ಲಿ ಈ ಬೆರಳುಗಳ ಪಾಲು ದೊಡ್ಡದು. ನಮ್ಮ ಕೆಲಸದಲ್ಲಿ ಇದಕ್ಕೆ ವರ್ಕ್‌ಅರೌಂಡ್ ಅನ್ನುತ್ತೇವೆ. ತಾತ್ಕಾಲಿಕ ಅಂತ ಹಾಕಿದ್ದು ಐವತ್ತು ವರ್ಷ ಉಳಿಯುವುದೂ ನಿಮಗೆ ಹೊಸದಲ್ಲ!

ಮುಂದೆ ಕಂಪ್ಯೂಟರ್ ಕಡೆಯಿಂದಲೂ ಕೈ ಚಾಚಿತು. 1993ರ ಡಿಸೆಂಬರ್‌ನಲ್ಲಿ ಡೂಮ್ ಎಂಬ ಆಟ ಬಂತು. ಮೊದಲ ಭಾಗ ಪುಕ್ಕಟೆ, ಕಾಪಿ ಮಾಡಿ ಹಂಚಬಹುದಿತ್ತು. ನಮ್ಮ ಲ್ಯಾಬಿಗೆ ಅದು ಫ್ಲಾಪಿಗಳಲ್ಲಿ ಬಂದಿತ್ತು. ಬಾಬಿ ಪ್ರಿನ್ಸ್ ಮಾಡಿದ ಅದರ ಸಂಗೀತ ಆಗಿನ ಮೆಟಲ್ ಬ್ಯಾಂಡ್‌ಗಳ ಗಿಟಾರ್ ನುಡಿಗಳಿಗೆ ಎಷ್ಟು ಹತ್ತಿರ ಅಂದರೆ, ಇದು ಯಾರದ್ದು ಅಂತ ಕೇಳುಗರು ಈಗಲೂ ಪತ್ತೆ ಹಚ್ಚುತ್ತಾ ಇರುತ್ತಾರೆ. ಒಂದು ಇಡೀ ತಲೆಮಾರಿನ ಪ್ರೋಗ್ರಾಮರ್‌ಗಳಿಗೆ ಕಂಪ್ಯೂಟರ್ ಮುಂದೆ ರಾತ್ರಿ ಕಳೆಯುವುದು ಅಂದರೆ ಆ ಸದ್ದೇ.

ಆಮೇಲೆ ಸ್ವೀಡನ್ನಿನ ಮೆಶುಗ್ಗಾ ಬ್ಯಾಂಡ್. ಇದರ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ನನಗೆ ಬಹಳ ಇಷ್ಟ. ಇವರ ಡ್ರಮ್ಮರ್ ಒಂದು ಕೈಯಲ್ಲಿ ನಾಲ್ಕರ ಲೆಕ್ಕ ಬಿಡದೆ ಹೊಡೆಯುತ್ತಿರುತ್ತಾರೆ. ಕಾಲು ಮತ್ತು ಗಿಟಾರ್ ಮಾತ್ರ ಬೇರೆ ಲೆಕ್ಕದಲ್ಲಿ ಸುತ್ತುತ್ತವೆ. ಐದರ ನುಡಿ ಅಂತ ಇಟ್ಟುಕೊಳ್ಳಿ. ನಾಲ್ಕರ ತಾಳದ ಮೇಲೆ ಅದು ಪ್ರತಿ ಸಲ ಒಂದೊಂದು ಹೆಜ್ಜೆ ಜಾರುತ್ತಾ ಹೋಗುತ್ತದೆ. ಕೇಳುವವರಿಗೆ ಕಾಲಡಿಯ ನೆಲ ಸರಿದ ಹಾಗೆ. ಎರಡೂ ಮತ್ತೆ ಒಟ್ಟಿಗೆ ಬಂದು ಇಳಿಯುವುದು ಇಪ್ಪತ್ತಕ್ಕೆ. ಏಳನೇ ಕ್ಲಾಸಿನ ಲ.ಸಾ.ಅ., ಬೇರೆ ಏನೂ ಇಲ್ಲ. ನುಡಿ ಐದರ ಬದಲು ಇಪ್ಪತ್ಮೂರರದ್ದಾದರೆ ಲೆಕ್ಕ ಬೆಳೆಯುತ್ತದೆ, ಹಿಡಿಯುವ ಖುಷಿಯೂ ಬೆಳೆಯುತ್ತದೆ. ನೀವು ಮೃದಂಗದ ತನಿ ಕೇಳಿದ್ದರೆ ಮುಕ್ತಾಯ ಸಮಕ್ಕೆ ಬಂದು ಬೀಳುವಾಗ ತಲೆ ತಾನಾಗಿ ಆಡುವುದು ಗೊತ್ತಿರುತ್ತದೆ. ನಿಮ್ಮ ತಂಡದವರು ಕೂದಲು ಹಾರಿಸಿ ತಲೆ ಆಡಿಸುವುದೂ ಅದಕ್ಕೇ. ಲೂಪಿನೊಳಗೆ ಲೂಪು ಬರೆಯುವವನಿಗೆ ಇದು ರುಚಿಸದೆ ಇರುತ್ತದಾ?

ಇದೇ ಮೆಶುಗ್ಗಾ ಡ್ರಮ್ಮರ್ ಹೊಡೆದ ಪೆಟ್ಟುಗಳನ್ನು ಒಂದೊಂದಾಗಿ ಧ್ವನಿಮುದ್ರಿಸಿ ಡ್ರಮ್‌ಕಿಟ್ ಫ್ರಮ್ ಹೆಲ್ ಎಂಬ ಸಾಫ್ಟ್‌ವೇರ್ ಮಾಡಿದರು. 2005ರಲ್ಲಿ ಆ ಬ್ಯಾಂಡ್ ತನ್ನದೇ ಆಲ್ಬಂನ ಡ್ರಮ್ಸ್ ಪೂರ್ತಿ ಅದರಲ್ಲೇ ಬರೆದು ಹಾಕಿತು. ಡ್ರಮ್ಮರ್ ಇದ್ದೂ! ಅಲ್ಲಿಗೆ ಗ್ಯಾರೇಜೂ ಬೇಡ, ಅಕ್ಕಪಕ್ಕದವರ ಬೈಗುಳವೂ ಇಲ್ಲ. ಒಂದು ಗಿಟಾರ್, ಒಂದು ಲ್ಯಾಪ್‌ಟಾಪ್ ಇದ್ದರೆ ಮಲಗುವ ಕೋಣೆಯಲ್ಲೇ ಮೆಟಲ್ ಮಾಡಬಹುದು ಅಂತಾಯಿತು. ಹೀಗೆ ಮನೆಯಲ್ಲಿ ಕೂತು ಮಾಡಿ ನೆಟ್‌ಗೆ ಏರಿಸಿದವರಿಂದಲೇ ‘ಜೆಂಟ್’ ಅನ್ನುವ ಒಂದು ಬಗೆ ಬೆಳೆಯಿತು. 2019ರಲ್ಲಿ ಡಾಡಾಬಾಟ್ಸ್ ಎಂಬ ಇಬ್ಬರ ಜೋಡಿ ಇನ್ನೂ ಮುಂದೆ ಹೋಯಿತು. ಆರ್ಕ್‌ಸ್ಪೈರ್ ಎಂಬ ಕೆನಡಾ ಬ್ಯಾಂಡಿನ ಹಾಡುಗಳನ್ನು ಯಂತ್ರಕ್ಕೆ ಕಲಿಸಿ, ಹಗಲೂ ರಾತ್ರಿ ಹೊಸ ಡೆತ್ ಮೆಟಲ್ ಹುಟ್ಟಿಸುವ ಯೂಟ್ಯೂಬ್ ಪ್ರಸಾರ ಶುರು ಮಾಡಿತು. ನಾನು ಹತ್ತು ನಿಮಿಷ ಕೇಳಿದೆ. ಬೇಸರ ಬಂತು. ಆದರೆ ಆ ಹತ್ತು ನಿಮಿಷದಲ್ಲಿ ಯಂತ್ರ ಅಂತ ಎಲ್ಲೂ ಅನ್ನಿಸಲಿಲ್ಲ ಅನ್ನುವುದನ್ನೂ ಒಪ್ಪಿಕೊಳ್ಳಬೇಕು.

ಎಲ್ಲ ಸೊಗಸಾಗಿಯೇ ನಡೆಯಿತು ಅಂತಲ್ಲ. ಕ್ಯಾಸೆಟ್ ಕಾಪಿಯಿಂದ ಹೆಸರಾದ ಮೆಟಾಲಿಕಾವೇ 2000ದ ಏಪ್ರಿಲ್‌ನಲ್ಲಿ, ನೆಟ್‌ನಲ್ಲಿ ಹಾಡು ಹಂಚಿಕೊಳ್ಳಲು ಇದ್ದ ನ್ಯಾಪ್‌ಸ್ಟರ್ ಮೇಲೆ ಕೇಸು ಹಾಕಿತು. ಹಾಡು ಕಾಪಿ ಮಾಡಿದ ಮೂರು ಲಕ್ಷಕ್ಕೂ ಜಾಸ್ತಿ ಬಳಕೆದಾರರ ಹೆಸರುಗಳ ಪಟ್ಟಿಯನ್ನು ಪೆಟ್ಟಿಗೆಗಟ್ಟಲೆ ಕಾಗದದಲ್ಲಿ ಹೊತ್ತು ತಂದು ಕೊಟ್ಟರು. ಮರುವರ್ಷ ಜುಲೈಯಲ್ಲಿ ನ್ಯಾಪ್‌ಸ್ಟರ್ ನಿಂತುಹೋಯಿತು. ಕಂಪ್ಯೂಟರ್ ಜನಕ್ಕೆ ಆ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ. ನಿಮ್ಮ ತಂಡದಲ್ಲಿ ನಲವತ್ತು ದಾಟಿದವರು ಯಾರಾದರೂ ಇದ್ದರೆ ಈ ಹೆಸರು ಎತ್ತಿ ನೋಡಿ. ನನ್ನ ಮಟ್ಟಿಗೆ ಹೇಳುವುದಾದರೆ, ಬಿಡುಗಡೆಯೇ ಆಗದ ಹಾಡು ಸೋರಿಹೋದಾಗ ಅವರಿಗೆ ಕೋಪ ಬಂದದ್ದು ತಪ್ಪಲ್ಲ. ಕೇಳುಗರ ಪಟ್ಟಿ ಹಿಡಿದು ಹೋದದ್ದು ತಪ್ಪು.

ಇಲ್ಲಿ ಒಂದು ಮಾತು. ಕಂಪ್ಯೂಟರ್ ಜನ ಎಲ್ಲರೂ ಮೆಟಲ್ ಕೇಳುತ್ತಾರೆ ಅನ್ನುವುದು ಸುಳ್ಳು. ನನ್ನ ಜೊತೆ ಕೆಲಸ ಮಾಡಿದವರಲ್ಲಿ ಬಹಳ ಜನ ಕೇಳುತ್ತಿದ್ದದ್ದು ಸಿನಿಮಾ ಹಾಡು. ಮೆಟಲ್‌ನವರು ಗದ್ದಲ ಮಾಡುತ್ತಾರೆ, ಟೀ ಶರ್ಟ್ ಹಾಕುತ್ತಾರೆ, ಸರ್ವರ್‌ಗೆ ಹೆಸರಿಡುತ್ತಾರೆ, ಅದಕ್ಕೇ ಎದ್ದು ಕಾಣುತ್ತಾರೆ. ಬೆಂಗಳೂರಿನಲ್ಲಿ ಇದು ಇನ್ನೂ ಜಾಸ್ತಿ. 2007ರ ಮಾರ್ಚ್ 17ರಂದು ಅರಮನೆ ಮೈದಾನಕ್ಕೆ ಐರನ್ ಮೇಡನ್ ಬ್ಯಾಂಡ್ ಬಂದಾಗ ನಾನು ಹಾಸನದಿಂದ ಬಸ್ಸು ಹತ್ತಿ ಹೋಗಿದ್ದೆ. ಪಕ್ಕದಲ್ಲಿ ನಿಂತವನು ಮೊದಲು ಕೇಳಿದ್ದು ‘ಯಾವ ಹಾಡು ಇಷ್ಟ?’ ಅಂತಲ್ಲ, ‘ಯಾವ ಕಂಪನಿ?’ ಅಂತ. 2011ರ ಅಕ್ಟೋಬರ್ 30ಕ್ಕೆ ಅದೇ ಮೈದಾನಕ್ಕೆ ಮೆಟಾಲಿಕಾ ಬಂದಾಗಲೂ ಅಷ್ಟೇ, ಕಪ್ಪು ಟೀ ಶರ್ಟಿನ ಜೇಬಲ್ಲಿ ಐಡಿ ಕಾರ್ಡ್. ಬೆಂಗಳೂರಿನದ್ದೇ ಬ್ಯಾಂಡ್‌ಗಳೂ ಇವೆ. ಕ್ರಿಪ್ಟೋಸ್ 1998ರಿಂದ ನುಡಿಸುತ್ತಿದೆ, 2013ರಲ್ಲಿ ಜರ್ಮನಿಯ ವಾಕೆನ್ ಮೆಟಲ್ ಜಾತ್ರೆಗೂ ಹೋಗಿ ಬಂತು. ಹೌದು, ನಾನು ಅದನ್ನು ಜಾತ್ರೆ ಅಂತಲೇ ಕರೆಯುವುದು. ಕೆಸರು, ಡೇರೆ, ಊರೆಲ್ಲ ಜನ. ಇನ್ನು ನಿಮ್ಮ ಫಿನ್‌ಲೆಂಡ್‌ನವರ ಬಗ್ಗೆ ಹೇಳುವುದೇ ಬೇಡ. ಜನಸಂಖ್ಯೆಗೆ ಹೋಲಿಸಿದರೆ ಅತಿ ಹೆಚ್ಚು ಮೆಟಲ್ ಬ್ಯಾಂಡ್ ಇರುವ ದೇಶ ಅಂತಲೇ ಅದಕ್ಕೆ ಹೆಸರು. 1991ರಲ್ಲಿ ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಹುಟ್ಟಿದ್ದೂ ಅಲ್ಲೇ. ಒಂದರಿಂದ ಇನ್ನೊಂದು ಬಂತು ಅಂತ ಮಾತ್ರ ಗಂಟು ಹಾಕಬೇಡಿ. ಚಳಿ ದೇಶ, ಮನೆಯೊಳಗೆ ಕೂರುವುದು ಜಾಸ್ತಿ ಅಂತ ನಾನು ತಮಾಷೆ ಮಾಡುತ್ತಿರುತ್ತೇನೆ.

ಈಗ ಅಜ್ಜಿಗೆ ಕೇಳಿಸಿದ ಕಿರುಚಾಟ. ಗ್ರೌಲ್ ಅನ್ನುತ್ತಾರೆ. ನಾವು ಮಾತಾಡುವ ಧ್ವನಿ ತಂತುಗಳ ಮೇಲೆ ಇನ್ನೊಂದು ಜೊತೆ ಮಡಿಕೆಗಳಿವೆ. ಮಾಮೂಲಿ ಮಾತಿಗೆ ಅವು ಅಲುಗುವುದಿಲ್ಲ. ಅವನ್ನು ಬೇಕೆಂದೇ ಅದುರಿಸಿದರೆ ಆ ಗೊಗ್ಗರು ಸದ್ದು ಬರುತ್ತದೆ. ಸರಿಯಾಗಿ ಕಲಿತವರು ವರ್ಷಗಟ್ಟಲೆ ಹಾಡುತ್ತಾರೆ, ಕಲಿಯದೆ ಕಿರುಚಿದವರಿಗೆ ಎರಡೇ ದಿನದಲ್ಲಿ ಗಂಟಲು ಕಟ್ಟುತ್ತದೆ. ನಿಮ್ಮ ಅಜ್ಜಿ ಕೊಪ್ಪ, ಶೃಂಗೇರಿ ಕಡೆಯ ಬಯಲಾಟ ನೋಡಿದ್ದರೆ ಬಣ್ಣದ ವೇಷ ನೆನಪು ಮಾಡಿ. ತೆರೆಯ ಹಿಂದೆ ರಾಕ್ಷಸ, ಚೆಂಡೆ ಏರುತ್ತಿದೆ, ಒಂದು ಅಬ್ಬರ ಕೊಟ್ಟರೆ ಮುಂದಿನ ಸಾಲಿನ ಮಕ್ಕಳು ಅಮ್ಮನ ಮಡಿಲಿಗೆ. ಆ ಕಲಾವಿದರು ಬೆಳಿಗ್ಗೆ ಬಣ್ಣ ತೊಳೆದು ಎಲ್ಲರ ಹಾಗೆ ಕಾಫಿ ಕುಡಿಯುತ್ತಾರೆ. ಅಂಗಿ ಮೇಲಿನ ತಲೆಬುರುಡೆ ನೋಡಿ ಅಜ್ಜಿ ಗಾಬರಿಯಾದರೆ ಹಳೇಬೀಡಿಗೆ ಕರೆದುಕೊಂಡು ಹೋಗಿ. ಹೊಯ್ಸಳರ ಗೋಡೆಯಲ್ಲಿ ರುಂಡಮಾಲೆ ಹಾಕಿದ ಭೈರವ ಇದ್ದಾನೆ, ಮೂಳೆ ಎಣಿಸಬಹುದಾದ ಬೇತಾಳಗಳಿವೆ. ಒಂಬೈನೂರು ವರ್ಷದಿಂದ ನೋಡಿ ಕೈ ಮುಗಿದು ಬರುತ್ತಿದ್ದೇವೆ.

ಕೇಳಿದರೆ ತಲೆ ಕೆಡುತ್ತದಾ ಅನ್ನುವ ಅನುಮಾನ ಅಜ್ಜಿಗೆ ಇದ್ದೇ ಇರುತ್ತದೆ. 2015ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಮೆಟಲ್, ಪಂಕ್ ಥರದ ಅಬ್ಬರದ ಸಂಗೀತ ಕೇಳುವ 39 ಜನರ ಮೇಲೆ ಒಂದು ಅಧ್ಯಯನ ಮಾಡಿದರು. ಮೊದಲು ಸಿಟ್ಟು ಬರುವ ವಿಷಯ ಮಾತಾಡಿಸಿದರು. ಆಮೇಲೆ ಅರ್ಧ ಜನಕ್ಕೆ ಹತ್ತು ನಿಮಿಷ ಅವರಿಷ್ಟದ ಸಂಗೀತ, ಉಳಿದವರಿಗೆ ಮೌನ. ಸಂಗೀತ ಕೇಳಿದವರ ಸಿಟ್ಟು ಏರಲಿಲ್ಲ, ಮೌನದಲ್ಲಿ ಕೂತವರಷ್ಟೇ ಇಳಿಯಿತು. ಒಂದು ಎಚ್ಚರ: ಅವರೆಲ್ಲ ಮೊದಲೇ ಇಂಥ ಸಂಗೀತದ ಪ್ರಿಯರು. ಇಷ್ಟವಿಲ್ಲದವರನ್ನು ಕೂರಿಸಿ ಕೇಳಿಸಿದರೆ ಸಿಟ್ಟು ಬರಬಹುದು. ನನ್ನ ಹೆಂಡತಿಯೇ ಉದಾಹರಣೆ.

ಗಮನ ಹೆಚ್ಚುತ್ತದಾ? ಎಲ್ಲ ಕೆಲಸಕ್ಕೂ ಅಲ್ಲ. ಅರ್ಥವಾಗುವ ಮಾತು ಕಿವಿಗೆ ಬೀಳುತ್ತಿದ್ದರೆ ಓದುವುದೂ ಬರೆಯುವುದೂ ಕಷ್ಟ. ಕನ್ನಡ ಹಾಡು ಹಾಕಿಕೊಂಡು ಡಾಕ್ಯುಮೆಂಟ್ ಬರೆಯಲು ಹೋದರೆ ಗೊತ್ತಾಗುತ್ತದೆ. ಗ್ರೌಲ್‌ನಲ್ಲಿ ಮಾತೇ ತಿಳಿಯುವುದಿಲ್ಲ, ಅದೂ ಒಂದು ವಾದ್ಯದ ಹಾಗೆ ಇರುತ್ತದೆ. ಮೇಲೆ ಸದ್ದು ಒಂದೇ ಸಮ ತುಂಬಿಕೊಂಡಿರುವುದರಿಂದ ಪಕ್ಕದ ಮನೆಯ ಮಿಕ್ಸಿ ಕೇಳಿಸುವುದಿಲ್ಲ. ಟೆಸ್ಟ್ ಬರೆಯುವಾಗ, ಒಂದೇ ಥರದ ಐವತ್ತು ಫೈಲ್ ತಿದ್ದುವಾಗ ನಾನು ಹಾಕಿಕೊಳ್ಳುತ್ತೇನೆ. ಬೇರೆಯವರ ಹೊಸ ಕೋಡ್ ಓದುವಾಗ ಆಫ್ ಮಾಡುತ್ತೇನೆ. ಶಬ್ದದ ಮಟ್ಟದ ವಿಷಯದಲ್ಲಿ ಮಾತ್ರ ತಮಾಷೆ ಬೇಡ. 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಪ್ರತಿ 3 ಡೆಸಿಬೆಲ್ ಏರಿದಾಗ ಆ ಸಮಯ ಅರ್ಧವಾಗುತ್ತದೆ. ಲೆಕ್ಕ ನೀವೇ ಹಾಕಿ. ಕಾನ್ಸರ್ಟುಗಳಲ್ಲಿ ಇಯರ್‌ಪ್ಲಗ್ ಇಲ್ಲದೆ ನಿಂತ ನನಗೆ ಈಗ ರಾತ್ರಿ ಎಡಗಿವಿಯಲ್ಲಿ ಜೀರುಂಡೆ ಕೂಗುತ್ತದೆ. ಮಲೆನಾಡಿನಲ್ಲಿ ಇರುವವರಿಗೆ ನಿಜವಾದ ಜೀರುಂಡೆಯೇ ಸಾಕು.

ಆ ‘ಮೂರು ಬ್ಯಾಂಡ್ ಹೆಸರು ಹೇಳು’ ಪರೀಕ್ಷೆಗೆ ಬರೋಣ. ಇದು ಹಳೇ ರೋಗ. ಹೆಣ್ಣುಮಕ್ಕಳ ಮೇಲೆ ಇದನ್ನು ಜಾಸ್ತಿ ಪ್ರಯೋಗಿಸುತ್ತಾರೆ ಅನ್ನುವುದನ್ನೂ ನಾನು ನೋಡಿದ್ದೇನೆ. ಗರ್ಲ್‌ಸ್ಕೂಲ್ ಎಂಬ ಪೂರ್ತಿ ಹೆಂಗಸರ ಬ್ಯಾಂಡ್ 1978ರಲ್ಲೇ ಲಂಡನ್ನಿನಲ್ಲಿ ಶುರುವಾಗಿತ್ತು. ಆರ್ಚ್ ಎನಿಮಿ ಎಂಬ ಬ್ಯಾಂಡ್‌ಗೆ ಆಂಜೆಲಾ ಗಾಸೋ ಹಾಡಿದ್ದನ್ನು ಹೆಸರು ಹೇಳದೆ ಕೇಳಿಸಿದರೆ ಬಹಳ ಜನ ಗಂಡಸು ಅಂತಲೇ ಹೇಳುತ್ತಾರೆ. ಮೆಟಲ್ ಕೇಳುವವರಿಗೇನೂ ಎರಡು ಕೋಡು ಮೂಡಿಲ್ಲ. ನೀವು ಸುಳ್ಳು ಹೇಳಿದ್ದು ಮಾತ್ರ ಬೇಡವಾಗಿತ್ತು. ಮುಂದಿನ ಸಲ ‘ನನಗೆ ಗೊತ್ತಿಲ್ಲ, ನೀವೇ ಒಂದು ಕೊಡಿ, ಯಾಕೆ ಅಂತಲೂ ಹೇಳಿ’ ಅನ್ನಿ. ಪರೀಕ್ಷೆ ಮಾಡುತ್ತಿದ್ದವನು ಅಲ್ಲೇ ಮೇಷ್ಟ್ರಾಗುತ್ತಾನೆ. ಅರ್ಧ ಗಂಟೆಯಲ್ಲಿ ನಿಮಗೆ ನಾಲ್ಕು ಪುಟದ ಪಟ್ಟಿ ಬರದಿದ್ದರೆ ನನಗೆ ಬರೆಯಿರಿ. ಕ್ಯಾಸೆಟ್ ಕಾಲದ ಚಾಳಿ ಅದು, ಕೇಳಿದರೆ ಕೊಡದೆ ಇರಲು ಅವರಿಗೆ ಆಗುವುದಿಲ್ಲ.

ಕಲಿಯಲೇಬೇಕು ಅಂತ ಖಂಡಿತ ಇಲ್ಲ. ನಿಮ್ಮ ಕೆಲಸ ಕೋಡ್ ಬರೆಯುವುದು. ಇಷ್ಟವಾಗದಿದ್ದರೆ ಒಂದು ಸರ್ವರ್‌ಗೆ ಮುಳ್ಳಯ್ಯನಗಿರಿ ಅಂತ ಹೆಸರಿಡಿಸಿ, ಫಿನ್‌ಲೆಂಡ್‌ನವರು ಉಚ್ಚಾರ ಮಾಡಲಿ ನೋಡೋಣ. ಒಂದು ಕಡೆ ಮಾತ್ರ ಗಟ್ಟಿಯಾಗಿರಿ. ತೊಂಬತ್ತರ ದಶಕದ ಶುರುವಿನಲ್ಲಿ ನಾರ್ವೆಯ ಬ್ಲ್ಯಾಕ್ ಮೆಟಲ್ ಗುಂಪಿನ ಕೆಲವರು ಚರ್ಚುಗಳಿಗೆ ಬೆಂಕಿ ಇಟ್ಟರು. ಜನಾಂಗ ದ್ವೇಷವನ್ನೇ ಹಾಡು ಮಾಡಿಕೊಂಡ ಬ್ಯಾಂಡ್‌ಗಳು ಇವತ್ತಿಗೂ ಮೂಲೆಯಲ್ಲಿವೆ. ಅಂಥದ್ದನ್ನು ಯಾರಾದರೂ ತಮಾಷೆ ಅಂತ ಚಾಟ್‌ಗೆ ಹಾಕಿದರೆ, ‘ಇದು ಸಂಗೀತ ಅಷ್ಟೇ’ ಅನ್ನುವ ಮಾತಿಗೆ ಸೋಲಬೇಡಿ. ಮ್ಯಾನೇಜರ್‌ಗೆ ಹೇಳಿ.

ಕುತೂಹಲ ಇದ್ದರೆ ಕಿರುಚುವ ವಿಡಿಯೋಗಳಿಂದ ಶುರು ಮಾಡಬೇಡಿ. 1970ರ ಫೆಬ್ರವರಿ 13ಕ್ಕೆ ಬಂದ ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಂ, ಅದರ ಮೊದಲ ಹಾಡು ಸಾಕು. ಶುರುವಿನಲ್ಲಿ ಗಿಟಾರ್ ನುಡಿಸುವುದು ಮುಖ್ಯವಾಗಿ ಮೂರೇ ಸ್ವರ: ಸ, ಮೇಲಿನ ಸ, ಆಮೇಲೆ ಪ್ರತಿಮಧ್ಯಮ. ಕಲ್ಯಾಣಿ ರಾಗದಲ್ಲಿ ಇದೇ ಪ್ರತಿಮಧ್ಯಮ ಎಷ್ಟು ಸುಖ ಕೊಡುತ್ತದೆ! ಇಲ್ಲಿ ಅದನ್ನು ಒಂಟಿಯಾಗಿ ಬಿಟ್ಟಿದ್ದಾರೆ. ಅದಕ್ಕೇ ಬೆನ್ನು ಜುಂ ಅನ್ನುತ್ತದೆ. ನಿಮಗೆ ಸಂಗೀತ ಪಾಠ ಆಗಿದ್ದರೆ ಮುಂದೆ ಇನ್ನೊಂದು ಮೋಜು ಕಾದಿದೆ. ಮೆಟಲ್‌ನವರು ಬಹಳ ಬಳಸುವ ಫ್ರಿಜಿಯನ್ ಅನ್ನುವ ಸ್ವರಸಾಲು ನಮ್ಮ ತೋಡಿ ರಾಗದ ಸ್ವರಗಳೇ.

ಸ್ಪೀಕರ್ ಬೇಡ, ಅಜ್ಜಿ ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಳ್ಳಿ. ಗಿಟಾರ್‌ಗೆ ಮುಂಚೆ ಆ ಹಾಡಿನಲ್ಲಿ ಮಳೆಯ ಸದ್ದು ಬರುತ್ತದೆ, ಗುಡುಗು, ದೂರದಲ್ಲೊಂದು ಗಂಟೆ. ನಿಮ್ಮ ಪತ್ರ ಬಂದದ್ದು ಜುಲೈಯಲ್ಲಿ. ಚಿಕ್ಕಮಗಳೂರಿನಲ್ಲಿ ಈಗ ಮಳೆ ಹಾಡಿನದ್ದೋ ಹೊರಗಿನದ್ದೋ ಅಂತ ಗೊತ್ತಾಗದಿದ್ದರೆ ಹೆಡ್‌ಫೋನ್ ಒಂದು ಸಲ ತೆಗೆದು ನೋಡಿ.